ವಿಳಾಸವಿಲ್ಲದ ಸುದ್ದಿ

ಬ್ಯಾಂಕಿನಲ್ಲಿ ಮೂರೂವರೆ ದಶಕ ಕಳೆದವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾವುದೇ ಮೊತ್ತ ಕಣ್ಣಿಗೆ ಬಿದ್ದರೂ ಮೊದಲು ಮನಸ್ಸಿಗೆ ಬರುವುದು ಮೂರು ಪ್ರಶ್ನೆ: ಯಾರು ಕಳಿಸಿದ್ದು, ಯಾರ ಮೂಲಕ ಬಂತು, ಯಾತಕ್ಕೆ ಬಂತು. ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಕಟ್ಟಲು ಬಂದವರಿಗೆ ಪ್ಯಾನ್ ಕಾರ್ಡ್ ತೋರಿಸಿ ಎನ್ನುತ್ತಿದ್ದೆವು. ಆದರೆ ದಿನಾ ಬೆಳಿಗ್ಗೆ ನಮ್ಮ ತಲೆಯೊಳಗೆ ಬಂದು ಜಮೆಯಾಗುವ ಸುದ್ದಿಗೆ ಈ ಮೂರರಲ್ಲಿ ಒಂದನ್ನೂ ಕೇಳುವುದಿಲ್ಲ.

ಇತ್ತೀಚೆಗೆ ನಮ್ಮ ಪತ್ರಿಕೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ಸರ್ಕಾರಗಳ ಹಣ ಆಡುತ್ತಿದೆ ಎಂಬ ಮಾತು ಹೆಚ್ಚಾಗಿದೆ. ವಾಟ್ಸಾಪಿನಲ್ಲಂತೂ ಪ್ರತಿಯೊಬ್ಬರ ಹಿಂದೆಯೂ ಒಂದು ದೇಶ ಇದೆ. ಇದನ್ನೆಲ್ಲ ಓದುವಾಗ ನನಗೆ ನೆನಪಾಗುವುದು ಆಂಧ್ರದ ಎರಡು ಊರು. ಎಂಬತ್ತರ ದಶಕದ ಮೊದಲಲ್ಲಿ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಹೋದೆ, ಅಲ್ಲಿಂದ ವಿಶಾಖಪಟ್ಟಣಕ್ಕೆ. ಎರಡು ವರ್ಷ ಕಳೆದು ವಾಪಸ್ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟವನು ನೌಕರಿಯ ಬಹುಪಾಲನ್ನು ಕೃಷ್ಣೆಯ ದಡದಲ್ಲೂ ಸಮುದ್ರದ ದಡದಲ್ಲೂ ಮುಗಿಸಿದೆ. ವಿದೇಶಿ ಸರ್ಕಾರವೊಂದು ನಮ್ಮ ಓದಿನೊಳಗೆ ಹೇಗೆ ಬಂದು ಕೂರುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದು ಅಲ್ಲಿ.

ವಿಜಯವಾಡದ ಬಿಸಿಲಿಗೆ ಹೆದರಿ ಊರಿನವರೇ ಬೆಜವಾಡವನ್ನು ‘ಬ್ಲೇಜ್‌ವಾಡ’ ಎಂದು ತಮಾಷೆ ಮಾಡುತ್ತಾರೆ. ಒಂಟಿಯಾಗಿದ್ದ ನನಗೆ ಸಂಜೆ ಹೋಗಲು ಇದ್ದ ತಂಪಾದ ಜಾಗವೆಂದರೆ ಏಲೂರು ರಸ್ತೆಯ ಪುಸ್ತಕದಂಗಡಿಗಳು. ಕನ್ನಡ ಬಲ್ಲವನಿಗೆ ತೆಲುಗು ಲಿಪಿ ಕಲಿಯಲು ಒಂದು ವಾರ ಸಾಕು, ತಲೆಕಟ್ಟಿನ ವ್ಯತ್ಯಾಸ ಗೊತ್ತಾದರೆ ಆಯಿತು. ನನ್ನ ತೆಲುಗು ಶುರುವಾದದ್ದು ಸೋವಿಯತ್ ಪುಸ್ತಕಗಳಿಂದ. ವಿಶಾಲಾಂಧ್ರದ ಮಳಿಗೆಗೆ ಕಾಲಿಟ್ಟರೆ ಸಾಲುಸಾಲಾಗಿ ಮಾಸ್ಕೋದಲ್ಲೇ ತೆಲುಗಿನಲ್ಲಿ ಅಚ್ಚಾಗಿ ಬಂದ ಪುಸ್ತಕಗಳು. ಟಾಲ್‌ಸ್ಟಾಯ್, ಗೋರ್ಕಿ, ಚೆಕಾವ್, ಮಕ್ಕಳಿಗೆ ಬಣ್ಣದ ಜಾನಪದ ಕಥೆಗಳು, ಇಂಗ್ಲಿಷಿನಲ್ಲಿ ಪೆರೆಲ್ಮನ್‌ನ ಭೌತಶಾಸ್ತ್ರದ ವಿನೋದಗಳು. ಗಟ್ಟಿ ರಟ್ಟು, ಒಳ್ಳೆ ಕಾಗದ. ಒಂದು ಊಟದ ದುಡ್ಡಿಗೆ ಎರಡು ಪುಸ್ತಕ ಬರುತ್ತಿತ್ತು. ತೆಲುಗು ಲೇಖಕ ಉಪ್ಪಲ ಲಕ್ಷ್ಮಣರಾವ್ ಅಂಥವರು ಮಾಸ್ಕೋಗೇ ಹೋಗಿ ವರ್ಷಗಟ್ಟಲೆ ಕೂತು ಅನುವಾದ ಮಾಡಿದ್ದರು. ನಮ್ಮಲ್ಲಿ ಇದೇ ಕೆಲಸವನ್ನು ನವಕರ್ನಾಟಕದ ಮಳಿಗೆಗಳು ಮಾಡುತ್ತಿದ್ದವು. ಈ ಪತ್ರಿಕೆಯ ಓದುಗರಲ್ಲಿ ಐವತ್ತು ದಾಟಿದವರು ‘ಸೋವಿಯತ್ ಲ್ಯಾಂಡ್’ನ ನುಣುಪು ಹಾಳೆಯಲ್ಲಿ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿಕೊಂಡವರೇ ಇರುತ್ತೀರಿ. ಲೆಕ್ಕದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಓಡಿಸುವ ಹೆಂಗಸು ನಗುತ್ತಿದ್ದಳು, ಸಮಾಜದ ಪುಸ್ತಕದ ಮೇಲೆ ಗಗನಯಾತ್ರಿ.

ಇದೆಲ್ಲ ಒಂದು ವಿದೇಶಿ ಸರ್ಕಾರದ ಪ್ರಚಾರ. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ‘ಸೋವಿಯತ್ ಲ್ಯಾಂಡ್’ ಹೊರಡಿಸುತ್ತಿದ್ದದ್ದು ದೆಹಲಿಯಲ್ಲಿದ್ದ ಸೋವಿಯತ್ ರಾಯಭಾರ ಕಚೇರಿಯ ವಾರ್ತಾ ವಿಭಾಗ. ಪ್ರಗತಿ ಪ್ರಕಾಶನದ ಪುಸ್ತಕಗಳ ಕೊನೆಗೆ ಒಂದು ಚಿಕ್ಕ ಟಿಪ್ಪಣಿ ಇರುತ್ತಿತ್ತು: ಅನುವಾದ, ವಿನ್ಯಾಸ ಹೇಗಿದೆ, ನಿಮ್ಮ ಅಭಿಪ್ರಾಯ ಬರೆದು ತಿಳಿಸಿ ಎಂದು. ಕೆಳಗೆ ಮಾಸ್ಕೋದ ಜುಬೋವ್‌ಸ್ಕಿ ಬುಲೆವಾರ್ಡಿನ ವಿಳಾಸ, ಮನೆ ನಂಬರಿನ ಸಮೇತ. ನಮ್ಮ ಹೆಡ್ ಕ್ಯಾಷಿಯರ್ ಒಬ್ಬರು ಯೂನಿಯನ್ ಮನುಷ್ಯ. ಪ್ರತಿ ಪುಸ್ತಕ ಓದಿ ಮುಗಿಸಿ ಆ ವಿಳಾಸಕ್ಕೆ ಕಾರ್ಡು ಹಾಕುತ್ತಿದ್ದರು. “ಚೂಡಂಡಿ, ನಮ್ಮ ಹೆಡ್ ಆಫೀಸಿಗೆ ಪತ್ರ ಬರೆದರೆ ಜವಾಬು ಬರಲ್ಲ, ಮಾಸ್ಕೋದಿಂದ ಬರುತ್ತೆ” ಎಂದು ನಗುತ್ತಿದ್ದರು.

ವಿಶಾಖಪಟ್ಟಣಕ್ಕೆ ಬಂದಮೇಲೆ ಆ ದೇಶ ಪುಸ್ತಕದಿಂದ ಹೊರಗೂ ಕಾಣಿಸಿತು. 1979ರ ಒಪ್ಪಂದದಂತೆ ಉಕ್ಕಿನ ಕಾರ್ಖಾನೆಗೆ ಸೋವಿಯತ್ ನೆರವು ಬಂದಿತ್ತು. ನೌಕಾನೆಲೆಯಲ್ಲಿ ಅವರ ಜಲಾಂತರ್ಗಾಮಿಗಳಿದ್ದವು. ಇವತ್ತು ರಾಮಕೃಷ್ಣ ಬೀಚಿನಲ್ಲಿ ಮಕ್ಕಳು ಟಿಕೆಟ್ ತೆಗೆದುಕೊಂಡು ಹತ್ತಿ ಇಳಿಯುವ ‘ಕುರ್ಸುರಾ’ 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಸೋವಿಯತ್ ಜಲಾಂತರ್ಗಾಮಿ. ಇದೇ ಊರಿನಲ್ಲಿ ಹುಟ್ಟಿದ ಮಹಾಕವಿ ಶ್ರೀಶ್ರೀ ಅವರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂದಿತ್ತು. ನಮ್ಮ ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೂ ಬಂದಿತ್ತು. ಪ್ರಶಸ್ತಿ ಕೊಟ್ಟು ಇವರನ್ನು ಕೊಂಡುಕೊಂಡರು ಎನ್ನುವುದು ಅನ್ಯಾಯದ ಮಾತು. ಶ್ರೀಶ್ರೀ ತಮ್ಮ ‘ಮಹಾಪ್ರಸ್ಥಾನ’ದ ಕವಿತೆಗಳನ್ನು ಬರೆದದ್ದು ಮೂವತ್ತರ ದಶಕದಲ್ಲಿ. ಆಗ ಇಂಥ ಪ್ರಶಸ್ತಿಯೇ ಇರಲಿಲ್ಲ. ಕಟ್ಟೀಮನಿ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಅವರ ನಂಬಿಕೆ ಮೊದಲು ಬಂತು, ಪ್ರಶಸ್ತಿ ಆಮೇಲೆ.

ಹಾಗಾದರೆ ಪ್ರಭಾವ ಎಲ್ಲಿತ್ತು? ಅಂಗಡಿಯಲ್ಲಿ ಇದ್ದದ್ದರಲ್ಲಿ ಅಲ್ಲ, ಇಲ್ಲದ್ದರಲ್ಲಿ. ಎರಡು ರೂಪಾಯಿಗೆ ಟಾಲ್‌ಸ್ಟಾಯ್ ಸಿಗುತ್ತಿದ್ದ ಕಪಾಟಿನಲ್ಲಿ ಪಾಸ್ತರ್ನಾಕ್‌ನ ‘ಡಾಕ್ಟರ್ ಜಿವಾಗೊ’ ಸಿಗುತ್ತಿರಲಿಲ್ಲ. ಸಿಗುವುದಾದರೂ ಹೇಗೆ? ಆ ಕಾದಂಬರಿ ಅದರ ಸ್ವಂತ ದೇಶದಲ್ಲಿ ಅಚ್ಚಾಗಿದ್ದೇ 1988ರಲ್ಲಿ. ಸೊಲ್ಝೆನಿತ್ಸಿನ್ ಬರೆದ ಕೈದಿಗಳ ಶಿಬಿರಗಳ ಕಥೆ ಇರಲಿಲ್ಲ. 1956ರ ಹಂಗೇರಿ ಇರಲಿಲ್ಲ. ಇರುವುದನ್ನು ಓದಿ ಸರಿ ತಪ್ಪು ಹೇಳಬಹುದು, ಇಲ್ಲದ್ದನ್ನು ಗುರುತಿಸುವುದು ಕಷ್ಟ. ಗ್ರಾಹಕನಿಗೆ ಪಾಸ್‌ಬುಕ್ಕಿನಲ್ಲಿ ಬರೆದದ್ದು ಕಾಣಿಸುತ್ತದೆ, ಬರೆಯದೆ ಬಿಟ್ಟದ್ದು ಆಡಿಟರಿಗೆ ಮಾತ್ರ.

ಈ ಕಥೆಗೆ ಇನ್ನೊಂದು ಮಗ್ಗುಲು ಇದೆ. ಆ ‘ಜಿವಾಗೊ’ದ ರಷ್ಯನ್ ಪ್ರತಿಗಳನ್ನು 1958ರಲ್ಲಿ ಗುಟ್ಟಾಗಿ ಅಚ್ಚುಮಾಡಿಸಿ, ಬ್ರಸೆಲ್ಸ್‌ನ ವಿಶ್ವ ಪ್ರದರ್ಶನಕ್ಕೆ ಬಂದ ಸೋವಿಯತ್ ಪ್ರವಾಸಿಗಳ ಕೈಗೆ ಸೇರುವಂತೆ ಮಾಡಿದ್ದು ಅಮೆರಿಕದ ಸಿಐಎ. 2014ರಲ್ಲಿ ಅದರ ಕಡತಗಳು ಹೊರಬಂದವು. ಅಂದರೆ ಒಂದು ಸರ್ಕಾರ ಮುಚ್ಚಿಟ್ಟ ಪುಸ್ತಕವನ್ನು ಇನ್ನೊಂದು ಸರ್ಕಾರ ಕದ್ದುಮುಚ್ಚಿ ಹಂಚಿತು. ಪುಸ್ತಕ ಮಾತ್ರ ಇಬ್ಬರಿಗಿಂತಲೂ ದೊಡ್ಡದು. ಆದ್ದರಿಂದ ‘ವಿದೇಶಿ ಹಣ’ ಎಂದ ತಕ್ಷಣ ಅದರಿಂದ ಬಂದದ್ದೆಲ್ಲ ಸುಳ್ಳು ಎಂದುಕೊಳ್ಳುವುದು ತಪ್ಪು ಲೆಕ್ಕ. ಹಣದ ಮೂಲ ಬರಹದ ಬೆಲೆಯನ್ನು ತೀರ್ಮಾನಿಸುವುದಿಲ್ಲ. ನಾವು ಎಷ್ಟು ಎಚ್ಚರದಿಂದ ಓದಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಮೂಲವನ್ನೇ ಮುಚ್ಚಿಟ್ಟರೆ ಓದುಗನ ಕೈಯಿಂದ ಆ ಎಚ್ಚರವನ್ನೇ ಕಿತ್ತುಕೊಂಡ ಹಾಗೆ.

ಮುಚ್ಚಿಟ್ಟದ್ದರ ಒಂದು ಹಳೆಯ ಉದಾಹರಣೆ ಬೊಂಬಾಯಿಯದು. 1955ರಲ್ಲಿ ‘ಕ್ವೆಸ್ಟ್’ ಎಂಬ ಒಳ್ಳೆಯ ಇಂಗ್ಲಿಷ್ ನಿಯತಕಾಲಿಕೆ ಶುರುವಾಯಿತು. ಮೊದಲ ಸಂಪಾದಕರು ಕವಿ ನಿಸ್ಸಿಮ್ ಎಜೆಕಿಯಲ್. ಅದರ ಹಿಂದೆ ಇದ್ದದ್ದು ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ. 1966-67ರ ಹೊತ್ತಿಗೆ ಆ ಸಂಸ್ಥೆಗೆ ಸಿಐಎ ಹಣ ಬರುತ್ತಿತ್ತೆಂದು ಅಮೆರಿಕದ ಪತ್ರಿಕೆಗಳೇ ಬಯಲುಮಾಡಿದವು. ಏಷ್ಯಾ ಫೌಂಡೇಶನ್ ಎಂಬ ಇನ್ನೊಂದು ಸಂಸ್ಥೆ ಅದೇ ಕಾರಣಕ್ಕೆ 1968ರಲ್ಲಿ ಭಾರತದಿಂದ ಹೊರಹೋಗಬೇಕಾಯಿತು. ‘ಕ್ವೆಸ್ಟ್’ನಲ್ಲಿ ಬರೆದವರಿಗೆ ಈ ಸಂಗತಿ ಗೊತ್ತಿರಲಿಲ್ಲ ಎನ್ನೋಣ. ಆದರೂ ಸ್ವಾತಂತ್ರ್ಯದ ಬಗ್ಗೆ ಪ್ರಾಮಾಣಿಕವಾಗಿ ಬರೆದ ಮನುಷ್ಯನ ಮಾತಿಗೆ ಮರುದಿನದಿಂದ ಅನುಮಾನ ಅಂಟಿಕೊಂಡಿತು. ಗುಟ್ಟಿನ ಹಣದ ದೊಡ್ಡ ನಷ್ಟ ಇದೇ. ಸತ್ಯ ಹೇಳಿದವನಿಗೂ ಅದು ಮಸಿ ಬಳಿಯುತ್ತದೆ.

ಎರಡನೆಯದು ದೆಹಲಿಯದು. 1983ರ ಜುಲೈನಲ್ಲಿ ‘ಪೇಟ್ರಿಯಟ್’ ಎಂಬ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು. ಬರೆದವರು ಅಮೆರಿಕದ ಪ್ರಸಿದ್ಧ ವಿಜ್ಞಾನಿ ಎಂದಷ್ಟೇ ವಿವರ. ಏಡ್ಸ್ ರೋಗವನ್ನು ಅಮೆರಿಕ ತನ್ನ ಪ್ರಯೋಗಾಲಯದಲ್ಲಿ ತಯಾರಿಸಿತು ಎಂಬುದು ಪತ್ರದ ಸಾರಾಂಶ. ಆಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಎರಡು ವರ್ಷದ ಮೇಲೆ, 1985ರ ಅಕ್ಟೋಬರಿನಲ್ಲಿ, ಮಾಸ್ಕೋದ ‘ಲಿತೆರತೂರ್ನಾಯ ಗಜೆತಾ’ ಅದೇ ಆರೋಪವನ್ನು ದೊಡ್ಡದಾಗಿ ಪ್ರಕಟಿಸಿತು. ಆಧಾರ? ಭಾರತದ ಪತ್ರಿಕೆಯೊಂದರಲ್ಲಿ ಹೀಗೆ ಬಂದಿದೆ! ಅಲ್ಲಿಂದ ಅದು ಹತ್ತಾರು ದೇಶಗಳಿಗೆ, ಹತ್ತಾರು ಭಾಷೆಗಳಿಗೆ ಹೋಯಿತು. 1992ರಲ್ಲಿ ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಪ್ರಿಮಾಕೋವ್ ಇದರ ಹಿಂದೆ ತಮ್ಮವರ ಕೈವಾಡವಿತ್ತು ಎಂದು ಒಪ್ಪಿಕೊಂಡರು.

ಬ್ಯಾಂಕಿನವರಿಗೆ ಈ ದಾರಿ ಪರಿಚಿತ. ಕಪ್ಪು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತಿರುಗಿಸಿ ಮೂಲ ಮರೆಯಾದಮೇಲೆ ಬಿಳಿ ಮಾಡುತ್ತಾರೆ. ಇಲ್ಲಿ ತಿರುಗಿಸಿದ್ದು ಸುದ್ದಿಯನ್ನು. ಅದಕ್ಕೆ ಬೇಕಾದ ಮಧ್ಯದ ಖಾತೆ ನಮ್ಮ ದೇಶದ ಪತ್ರಿಕೆ, ಏಕೆಂದರೆ ಬಡದೇಶಗಳ ಓದುಗರಿಗೆ ಭಾರತದ ಪತ್ರಿಕೆಯ ಮೇಲೆ ನಂಬಿಕೆ ಇತ್ತು. ಅಂಗಡಿಯ ಪುಸ್ತಕ ಮಾಸ್ಕೋದ ವಿಳಾಸ ಹೊತ್ತು ಬಂತು, ಈ ಪತ್ರ ವಿಳಾಸ ಕಳಚಿ ಬಂತು. ಎರಡನ್ನೂ ಕಳಿಸಿದ್ದು ಒಂದೇ ದೇಶ. ಏಲೂರು ರಸ್ತೆಯಲ್ಲಿ ನಾನು ಕೊಂಡ ಪುಸ್ತಕಗಳಿಂದ ಯಾರ ಜೀವವೂ ಹೋಗಲಿಲ್ಲ. ಆದರೆ ರೋಗದ ಬಗ್ಗೆ ಹಬ್ಬಿದ ಸುಳ್ಳು, ಔಷಧಿಯ ಮೇಲೂ ವೈದ್ಯರ ಮೇಲೂ ಜನರ ನಂಬಿಕೆಯನ್ನು ಅಲುಗಿಸುತ್ತದೆ.

ಇನ್ನು 2005ರಲ್ಲಿ ಬಂದ ಮಿತ್ರೋಖಿನ್ ದಾಖಲೆಗಳ ಎರಡನೆಯ ಸಂಪುಟದಲ್ಲಿ, ಎಪ್ಪತ್ತರ ದಶಕದಲ್ಲಿ ಭಾರತದ ಪತ್ರಿಕೆಗಳಲ್ಲಿ ಕೆಜಿಬಿ ವರ್ಷಕ್ಕೆ ಸಾವಿರಾರು ಲೇಖನ ಹಾಕಿಸುತ್ತಿತ್ತು ಎಂಬ ಲೆಕ್ಕವಿದೆ. ಇದ್ದರೂ ಇರಬಹುದು. ಆದರೆ ಅದು ಮೇಲಿನವರಿಗೆ ಕೆಳಗಿನವರು ಕಳಿಸಿದ ಸಾಧನೆಯ ವರದಿ. ಮಾರ್ಚ್ ತಿಂಗಳ ಕೊನೆಯ ವಾರ ಡಿಪಾಜಿಟ್ ಟಾರ್ಗೆಟ್ ಮುಟ್ಟಿಸಿದ ಬ್ಯಾಂಕ್ ಮ್ಯಾನೇಜರುಗಳಿಗೆ ಅಂಥ ಅಂಕಿಗಳನ್ನು ಹೇಗೆ ಓದಬೇಕೆಂದು ಬೇರೆ ಹೇಳಬೇಕಿಲ್ಲ.

ವಿಶ್ವವಿದ್ಯಾಲಯಗಳ ಕಥೆ ಇದಕ್ಕಿಂತ ಸೂಕ್ಷ್ಮ. ವಿಶಾಖಪಟ್ಟಣದಲ್ಲಿ ನಮ್ಮ ಬಾಡಿಗೆ ಮನೆ ಆಂಧ್ರ ವಿಶ್ವವಿದ್ಯಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಆ ವಿಶ್ವವಿದ್ಯಾಲಯ ಹುಟ್ಟಿದ್ದು 1926ರಲ್ಲಿ, ನಮ್ಮ ಬೆಜವಾಡದಲ್ಲೇ. 1930ರಲ್ಲಿ ವಾಲ್ಟೇರಿಗೆ ಬಂತು. ಮೊದಲ ಉಪಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಕನ್ನಡಿಗರು ಇವರನ್ನು ಮರೆಯಬಾರದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ, ದಲಿತ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಯಿಸಲು ನಿಂತವರು. ಆಗ ದೇಶವನ್ನು ಆಳುತ್ತಿದ್ದದ್ದೇ ವಿದೇಶಿ ಸರ್ಕಾರ, ವಿಶ್ವವಿದ್ಯಾಲಯದ ಅನುದಾನವೂ ಅದರದ್ದೇ. 1930ರಲ್ಲಿ ಸತ್ಯಾಗ್ರಹಿಗಳ ಮೇಲೆ ಆ ಸರ್ಕಾರ ನಡೆಸಿದ ದಬ್ಬಾಳಿಕೆಯನ್ನು ಪ್ರತಿಭಟಿಸಿ ರೆಡ್ಡಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ಸರ್ವಪಲ್ಲಿ ರಾಧಾಕೃಷ್ಣನ್. ಅವರೂ ಮೈಸೂರಿನಲ್ಲಿ ಮೂರು ವರ್ಷ ಪ್ರಾಧ್ಯಾಪಕರಾಗಿದ್ದವರು, ಊರು ಬಿಡುವಾಗ ವಿದ್ಯಾರ್ಥಿಗಳು ಸಾರೋಟನ್ನು ತಾವೇ ಎಳೆದುಕೊಂಡು ಸ್ಟೇಷನ್ನಿಗೆ ಹೋದ ಕಥೆ ನಮಗೆಲ್ಲ ಗೊತ್ತು. 1936ರಲ್ಲಿ ರೆಡ್ಡಿ ಮತ್ತೆ ಅದೇ ಕುರ್ಚಿಗೆ ಮರಳಿದರು. ಕೊಟ್ಟವರ ಮುಂದೆ ಎದ್ದುನಿಂತು ‘ಇದು ತಪ್ಪು’ ಎಂದು ಹೇಳಿ, ಆಮೇಲೂ ಆ ಜಾಗದಲ್ಲಿ ಕೂರಲು ಸಾಧ್ಯವಾಯಿತು ಎಂಬುದೇ ಆ ವಿಶ್ವವಿದ್ಯಾಲಯದ ಹೆಮ್ಮೆ. ಅಲ್ಲಿನ ವಿಜ್ಞಾನ ಕಾಲೇಜಿಗೆ ಜೈಪುರದ ವಿಕ್ರಮ ದೇವ ವರ್ಮರ ಹೆಸರಿದೆ. ದೊಡ್ಡ ಕೊಡುಗೆ ಕೊಟ್ಟ ರಾಜನ ಹೆಸರು ಬಾಗಿಲ ಮೇಲೇ ಕಾಣುತ್ತದೆ, ಕಡತದೊಳಗೆ ಹುಡುಕಬೇಕಿಲ್ಲ.

ಸ್ವಾತಂತ್ರ್ಯ ಬಂದಮೇಲೆ ವಿಶ್ವವಿದ್ಯಾಲಯಗಳಿಗೆ ಹೊರಗಿನ ಹಣ ಬಂದ ದೊಡ್ಡ ಕಾಲುವೆ ಅಮೆರಿಕದ್ದು. ಪಿಎಲ್-480 ಗೋಧಿ ತಿಂದು ಬೆಳೆದ ತಲೆಮಾರಿಗೆ ಇದರ ಅರ್ಧ ಕಥೆ ಗೊತ್ತು. ಗೋಧಿಗೆ ನಾವು ಡಾಲರ್ ಕೊಡಲಿಲ್ಲ, ರೂಪಾಯಿ ಕೊಟ್ಟೆವು. ಆ ರೂಪಾಯಿ ಅಮೆರಿಕದ ಹೆಸರಿನಲ್ಲಿ ಇಲ್ಲೇ ಬೆಟ್ಟವಾಗಿ ಬೆಳೆಯಿತು. 1974ರಲ್ಲಿ ಅದರಲ್ಲಿ 1,664 ಕೋಟಿ ರೂಪಾಯಿಯನ್ನು ಒಂದೇ ಚೆಕ್ಕಿನಲ್ಲಿ ರಾಯಭಾರಿ ಮೊಯ್ನಿಹಾನ್ ವಾಪಸ್ ಕೊಟ್ಟರು. ಆ ಚೆಕ್ಕಿನ ವಿಷಯ ಬ್ಯಾಂಕಿನಲ್ಲಿ ಹಳಬರು ಹೊಸಬರಿಗೆ ಪುರಾಣದಂತೆ ಹೇಳುತ್ತಿದ್ದರು. ಅದಕ್ಕೂ ಮೊದಲು ಅಮೆರಿಕದ ನೆರವು ವಿದ್ಯೆಗೂ ಹರಿದಿತ್ತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನಿಂತಾಗ ಟೆನೆಸಿ ವಿಶ್ವವಿದ್ಯಾಲಯ ಜೊತೆಗಿತ್ತು, ಆಂಧ್ರದ ಕೃಷಿ ವಿಶ್ವವಿದ್ಯಾಲಯಕ್ಕೆ ಕ್ಯಾನ್ಸಾಸ್. ಅದೇ ವರ್ಷ ಹೈದರಾಬಾದಿನ ಉಸ್ಮಾನಿಯಾ ಆವರಣದಲ್ಲಿ ಅಮೆರಿಕನ್ ಅಧ್ಯಯನ ಕೇಂದ್ರ ತೆರೆಯಿತು. ವಿಶಾಖಪಟ್ಟಣ, ಮೈಸೂರು, ಧಾರವಾಡದ ಇಂಗ್ಲಿಷ್ ಮೇಷ್ಟ್ರುಗಳು ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ಸಂಶೋಧನೆ ಬರೆದರು.

ಇವರಲ್ಲಿ ಯಾರಿಗೂ ‘ಅಮೆರಿಕವನ್ನು ಹೊಗಳಿ ಬರೆ’ ಎಂದು ಯಾರೂ ಹೇಳಿರಲಿಕ್ಕಿಲ್ಲ, ಅದರ ಅಗತ್ಯವೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಹಣ ಉತ್ತರ ಹೇಳಿಕೊಡುವುದಿಲ್ಲ, ಪ್ರಶ್ನೆಯನ್ನು ಆರಿಸುತ್ತದೆ. ಹೆಮಿಂಗ್‌ವೇ ಮೇಲೆ ಪುಸ್ತಕ, ಕೊಠಡಿ, ಭತ್ಯೆ ಎಲ್ಲ ಒಂದೇ ಕಡೆ ಸಿಗುವಾಗ ಆಫ್ರಿಕಾದ ಕಾದಂಬರಿಯ ಮೇಲೆ ಸ್ವಂತ ಖರ್ಚಿನಲ್ಲಿ ಒದ್ದಾಡುವವರು ಎಷ್ಟು ಜನ? ಆದರೂ ಇದರಿಂದ ನಮಗೆ ನಷ್ಟವೇ ಆಯಿತು ಎನ್ನಲಾರೆ. ಅಮೆರಿಕದಲ್ಲಿರುವ ಓದುಗರು ತಮ್ಮೂರಿನ ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ನೋಡಿ. ಅರವತ್ತರ ದಶಕದ ಕನ್ನಡ ಕಾದಂಬರಿಗಳು ಅಚ್ಚುಕಟ್ಟಾಗಿ ಕೂತಿರುತ್ತವೆ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದೇ ಗೋಧಿಯ ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ನಮ್ಮೂರಿನ ಲೈಬ್ರರಿಯಲ್ಲಿ ಗೆದ್ದಲು ತಿಂದ ಪುಸ್ತಕ ಅಲ್ಲಿ ಉಳಿದಿದೆ.

ಈಗಿನ ಮಾತಿಗೆ ಬರೋಣ. 2020ರ ಜೂನ್‌ನಲ್ಲಿ ಗಾಲ್ವಾನ್ ಸಂಘರ್ಷವಾಯಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ ನಮ್ಮ ಏಳು ವಿಶ್ವವಿದ್ಯಾಲಯಗಳಲ್ಲಿ ಚೀನಾದ ನೆರವಿನ ಕನ್ಫ್ಯೂಷಿಯಸ್ ಕೇಂದ್ರಗಳನ್ನು ಪರಿಶೀಲಿಸಲು ಹೊರಟಿತು. ಅದೇ ಅಕ್ಟೋಬರಿನಲ್ಲಿ ತೈವಾನಿನ ರಾಷ್ಟ್ರೀಯ ದಿನಕ್ಕೆ ಮುಂಚೆ, ತೈವಾನನ್ನು ದೇಶವೆಂದು ಕರೆಯಬೇಡಿ ಎಂದು ಚೀನಾದ ರಾಯಭಾರ ಕಚೇರಿ ನಮ್ಮ ಪತ್ರಕರ್ತರಿಗೆ ಪತ್ರ ಬರೆಯಿತು. ಭಾರತದಲ್ಲಿ ಪತ್ರಿಕೆಗಳು ಸ್ವತಂತ್ರ, ತಮಗೆ ಸರಿ ಕಂಡದ್ದನ್ನು ಬರೆಯುತ್ತವೆ ಎಂದು ನಮ್ಮ ವಿದೇಶಾಂಗ ಇಲಾಖೆ ಉತ್ತರ ಕೊಟ್ಟಿತು. ಒಳ್ಳೆಯ ಉತ್ತರ. ಚೀನೀ ಭಾಷೆ ಕಲಿಯುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ಬಂದರು ಇರುವ ಊರಿನವರು, ನೆರೆಯ ದೇಶದ ಭಾಷೆ ಬರದಿದ್ದರೆ ಅವರೇನು ಬರೆಯುತ್ತಾರೆಂದು ತಿಳಿಯುವುದು ಹೇಗೆ? ತೊಂದರೆ ಇರುವುದು ಒಪ್ಪಂದದ ಷರತ್ತುಗಳು ಗುಟ್ಟಾಗಿದ್ದಾಗ, ಪಾಠ ಹೇಳುವವರನ್ನು ಹಣ ಕೊಟ್ಟವರೇ ಆರಿಸಿದಾಗ, ಆ ದೇಶದ ಬಗ್ಗೆ ಒಂದು ವಿಚಾರಸಂಕಿರಣ ಮಾಡುವ ಮೊದಲು ವಿಭಾಗದ ಮುಖ್ಯಸ್ಥರು ಎರಡು ಸಲ ಯೋಚಿಸುವಂತಾದಾಗ.

ಇದೇ ಅಳತೆಗೋಲನ್ನು ನಮ್ಮ ಕಡೆಗೂ ಹಿಡಿಯಬೇಕು. 2020ರ ಡಿಸೆಂಬರಿನಲ್ಲಿ ಬ್ರಸೆಲ್ಸ್‌ನ ಇಯು ಡಿಸ್ಇನ್ಫೋಲ್ಯಾಬ್ ಸಂಸ್ಥೆ ಒಂದು ವರದಿ ಹೊರತಂದಿತು. ಭಾರತದ ಪರವಾಗಿ, ಪಾಕಿಸ್ತಾನದ ವಿರುದ್ಧವಾಗಿ ಅಭಿಪ್ರಾಯ ಮೂಡಿಸಲು 750ಕ್ಕೂ ಹೆಚ್ಚು ನಕಲಿ ಸುದ್ದಿತಾಣಗಳ ಜಾಲ ಹದಿನೈದು ವರ್ಷ ನಡೆದಿತ್ತು, ಅದರ ಬೇರು ದೆಹಲಿಯ ಒಂದು ಖಾಸಗಿ ವ್ಯಾಪಾರ ಸಮೂಹದಲ್ಲಿತ್ತು ಎಂದು ಅದು ಹೇಳಿತು. ಸರ್ಕಾರದ ಕೈ ಇದೆಯೆಂದು ವರದಿ ಹೇಳಲಿಲ್ಲ, ನಮ್ಮ ಸರ್ಕಾರವೂ ತನಗೆ ಸಂಬಂಧವಿಲ್ಲ ಎಂದಿತು. ಆದರೆ 2006ರಲ್ಲಿ ತೀರಿಕೊಂಡ ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕರೊಬ್ಬರು ಆಮೇಲೂ ಸಭೆಗಳಲ್ಲಿ ಭಾಗವಹಿಸಿದ್ದರು ಎಂದು ಆ ಜಾಲ ತೋರಿಸಿಕೊಂಡಿತ್ತು. ಸತ್ತವರ ಹೆಸರಿನಲ್ಲಿ ಪಿಂಚಣಿ ಎತ್ತುವವರನ್ನು ನಾನು ನೋಡಿದ್ದೇನೆ. ಸತ್ತವರ ಹೆಸರಿನಲ್ಲಿ ಅಭಿಪ್ರಾಯ ಎತ್ತುವವರೂ ಇರುತ್ತಾರೆಂದು ಆಗ ತಿಳಿಯಿತು. ಮಾಡಿದ್ದು ನಮ್ಮ ದೇಶದ ಪರವಾಗಿ ಎಂದ ಮಾತ್ರಕ್ಕೆ ಅದು ಬೇರೆ ಆಗುವುದಿಲ್ಲ.

ವಿದೇಶಿ ಪ್ರಭಾವ ತಡೆಯಲು ನಮ್ಮಲ್ಲಿ ಕಾನೂನು ಇಲ್ಲವೇ? ಇದೆ, ಎಫ್‌ಸಿಆರ್‌ಎ. ಪತ್ರಿಕೆಯ ಮಾಲೀಕ, ಸಂಪಾದಕ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಮುದ್ರಕ ಯಾರೂ ವಿದೇಶಿ ಕೊಡುಗೆ ಪಡೆಯಬಾರದು ಎಂದು ಅದು ಹೇಳುತ್ತದೆ. ಇದು ಬಂದದ್ದು 1976ರಲ್ಲಿ. ಆ ವರ್ಷ ನೆನಪಿದೆಯಲ್ಲವೇ? ತುರ್ತು ಪರಿಸ್ಥಿತಿ. ವಿರೋಧ ಪಕ್ಷದವರು ಜೈಲಿನಲ್ಲಿ, ಪತ್ರಿಕೆಗಳ ಮೇಲೆ ಸೆನ್ಸಾರ್. ವಿದೇಶಿ ಸರ್ಕಾರಗಳಿಂದ ಪತ್ರಿಕೆಯನ್ನು ಕಾಪಾಡುವ ಕಾನೂನು ಬರೆಯುತ್ತಿದ್ದಾಗ ಸ್ವದೇಶಿ ಸರ್ಕಾರವೇ ಪತ್ರಿಕೆಯ ಪುಟ ತಿದ್ದುತ್ತಿತ್ತು. ಸಿಐಎ ಹಣದ ಕಳಂಕ ಹೊತ್ತು ಹತ್ತು ವರ್ಷ ಉಳಿದಿದ್ದ ‘ಕ್ವೆಸ್ಟ್’ ನಿಂತುಹೋದದ್ದೂ ಆ ಕಾಲದಲ್ಲೇ.

ಕಾನೂನು ಎಲ್ಲರಿಗೂ ಒಂದೇ ತೂಕದಲ್ಲಿ ಬಿದ್ದಿದ್ದರೆ ನನ್ನ ತಕರಾರು ಕಡಿಮೆ ಇರುತ್ತಿತ್ತು. 2014ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷಗಳು ವಿದೇಶಿ ಕಂಪನಿಯೊಂದರ ಅಂಗಸಂಸ್ಥೆಗಳಿಂದ ದೇಣಿಗೆ ಪಡೆದು ಈ ಕಾನೂನು ಮುರಿದಿವೆ ಎಂದಿತು. ಆಮೇಲೆ 2016 ಮತ್ತು 2018ರ ಹಣಕಾಸು ಮಸೂದೆಗಳಲ್ಲಿ ಸೇರಿಸಿ ‘ವಿದೇಶಿ ಮೂಲ’ ಎಂಬ ಪದದ ಅರ್ಥವನ್ನೇ 1976ರಿಂದ ಅನ್ವಯವಾಗುವಂತೆ ಬದಲಿಸಿದರು. ನಲವತ್ತು ವರ್ಷ ಹಿಂದಿನ ಲೆಡ್ಜರನ್ನು ತಿದ್ದುವ ಸವಲತ್ತು ನಮ್ಮ ಬ್ಯಾಂಕಿನಲ್ಲಿ ಯಾವ ಗ್ರಾಹಕನಿಗೂ ಇರಲಿಲ್ಲ.

ಅತ್ತ ಚಿಕ್ಕವರಿಗೆ ಏನಾಯಿತು? ನಾನು ವಿಶಾಖಪಟ್ಟಣದಲ್ಲಿದ್ದಾಗ ಅರಕು, ಪಾಡೇರು ಕಡೆಯ ಗಿರಿಜನರ ನಡುವೆ ಕೆಲಸಮಾಡುವ ಒಂದೆರಡು ಚಿಕ್ಕ ಸಂಸ್ಥೆಗಳ ವಿದೇಶಿ ದೇಣಿಗೆಯ ಖಾತೆ ನಮ್ಮ ಶಾಖೆಯಲ್ಲಿತ್ತು. ವರ್ಷಕ್ಕೊಮ್ಮೆ ಅವರ ಲೆಕ್ಕಪತ್ರ ನೋಡುತ್ತಿದ್ದೆ. ಇಷ್ಟು ಕಂಬಳಿ, ಇಷ್ಟು ಸ್ಲೇಟು, ಒಂದು ಜೀಪಿನ ಟೈರು. 2020ರ ತಿದ್ದುಪಡಿಯ ನಂತರ ಇಡೀ ದೇಶದ ಇಂಥ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಒಂದು ಸಂಸ್ಥೆ ಇನ್ನೊಂದು ಚಿಕ್ಕ ಸಂಸ್ಥೆಗೆ ಹಂಚುವಂತೆಯೂ ಇಲ್ಲ. ಲೆಕ್ಕ ಕೇಳುವುದು ಸರಿ, ನಾನು ಕೇಳಿದವನೇ. ಆದರೆ ಕೇಳಿದ್ದಕ್ಕೆ ಉತ್ತರ ಕೊಟ್ಟವನಿಗೆ ಕೆಲಸ ಮಾಡಲು ಬಿಡಬೇಕು.

2023ರ ಅಕ್ಟೋಬರಿನಲ್ಲಿ ನ್ಯೂಸ್‌ಕ್ಲಿಕ್ ಸುದ್ದಿತಾಣದ ಸಂಪಾದಕರನ್ನು ಚೀನಾದ ಪರ ಪ್ರಚಾರಕ್ಕೆ ಹಣ ಪಡೆದ ಆರೋಪದ ಮೇಲೆ ದೆಹಲಿ ಪೊಲೀಸರು ಬಂಧಿಸಿದರು. ಅದಕ್ಕೆ ಮುನ್ನ ಆ ತಾಣಕ್ಕೆ ಹಣ ಬಂದ ದಾರಿಯ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು. ತಾಣ ಆರೋಪವನ್ನು ಅಲ್ಲಗಳೆಯಿತು. ಬಂಧನಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಿರಲಿಲ್ಲ, ಆದ್ದರಿಂದ ಬಂಧನವೇ ಅಸಿಂಧು ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಣದ ಆರೋಪ ಸರಿಯೋ ತಪ್ಪೋ ಎಂಬುದು ಬೇರೆ ವಿಷಯ, ಅದನ್ನು ವಿಚಾರಣೆಯಲ್ಲಿ ತೀರ್ಮಾನಿಸಲಿ. ನನ್ನನ್ನು ಕಾಡಿದ್ದು ಇದು: ಪತ್ರಿಕೆಗೆ ‘ನಿನ್ನ ಹಣ ಎಲ್ಲಿಂದ’ ಎಂದು ಕೇಳುವ ಹಕ್ಕು ಓದುಗನದ್ದು. ಆ ಪ್ರಶ್ನೆ ಪೊಲೀಸರ ಬಾಯಿಂದ, ಬೆಳಗಿನ ಜಾವ, ಬಾಗಿಲು ಬಡಿದು ಬಂದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಪಕ್ಕದ ಮನೆಯ ಪತ್ರಕರ್ತನಿಗೂ ಕೊಟ್ಟ ಸೂಚನೆಯಾಗುತ್ತದೆ.

ಇದೆಲ್ಲ ದೊಡ್ಡವರ ವ್ಯವಹಾರ, ನಮಗೇನು ಎಂದುಕೊಳ್ಳಬೇಡಿ. ವಲಸೆ ಹೋದ ಕನ್ನಡಿಗರಿಗೆ ಇದು ನೇರವಾಗಿ ತಟ್ಟುತ್ತದೆ. ನನ್ನ ಮಗಳು ಹದಿನೈದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದಾಳೆ. ಹೋದ ವರ್ಷ ನಮ್ಮೂರಿನ ಟ್ರಸ್ಟಿನ ಶಾಲೆಗೆ ಪುಸ್ತಕಕ್ಕೆಂದು ಒಂದಿಷ್ಟು ಹಣ ಕೊಡಲು ಮುಂದಾದಳು. ಭಾರತದ ಪಾಸ್‌ಪೋರ್ಟ್ ಇದ್ದಷ್ಟು ದಿನ ಅವಳು ತನ್ನ ಸಂಬಳದಿಂದ ಕೊಟ್ಟದ್ದು ವಿದೇಶಿ ಕೊಡುಗೆಯಲ್ಲ. ಬ್ರಿಟಿಷ್ ಪೌರತ್ವ ಪಡೆದ ದಿನದಿಂದ ಅದೇ ಕೈ, ಅದೇ ಸಂಬಳ, ಅದೇ ಶಾಲೆ, ಹಣ ಮಾತ್ರ ವಿದೇಶಿ. ಟ್ರಸ್ಟಿಗೆ ನೋಂದಣಿ ಇಲ್ಲ, ಪಡೆಯುವಂತಿಲ್ಲ. “ಅಪ್ಪಾ, ನಿಮ್ಮ ಖಾತೆಗೆ ಹಾಕ್ತೀನಿ. ನಿಮ್ಮ ಹೆಸರಲ್ಲೇ ಕೊಟ್ಟುಬಿಡಿ, ಏನಾಗುತ್ತೆ?” ಎಂದಳು.

ಏನೂ ಆಗುತ್ತಿರಲಿಲ್ಲ, ಬಹುಶಃ. ಆದರೆ ಒಪ್ಪಲಿಲ್ಲ. “ಮಗಳೇ, ವಿಳಾಸ ಬದಲಿಸಿ ಕಳಿಸೋದು ಅಂದ್ರೆ ಇದೇ ಕಣಮ್ಮ” ಎಂದೆ. ಮಕ್ಕಳ ಪುಸ್ತಕಕ್ಕೇ ಆದರೂ ದಾರಿ ಅದೇ. ಅವಳಿಗೆ ಸಿಟ್ಟು ಬಂತು, “ಪಕ್ಷಗಳಿಗಾದ್ರೆ ಕಾನೂನನ್ನೇ ಬದಲಾಯಿಸ್ತಾರೆ, ಮಕ್ಕಳ ಪುಸ್ತಕಕ್ಕೆ ನೀವು ಪಾಠ ಹೇಳ್ತೀರಿ” ಎಂದಳು. ಅವಳ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನನ್ನ ಪಿಂಚಣಿಯಿಂದ ಆದಷ್ಟು ಪುಸ್ತಕ ಕೊಡಿಸಿದೆ, ಅವಳು ಕೊಡಬೇಕೆಂದದ್ದರ ಕಾಲು ಭಾಗವೂ ಆಗಲಿಲ್ಲ. ಸರ್ಕಾರದ ಪೂರ್ವಾನುಮತಿಗೆ ಅರ್ಜಿ ಹಾಕಲು ಟ್ರಸ್ಟಿನವರಿಗೆ ಕಾಗದಪತ್ರ ಜೋಡಿಸಿಕೊಡುತ್ತಿದ್ದೇನೆ.

ಆ ಮಕ್ಕಳು ದೊಡ್ಡವರಾದಮೇಲೆ ಅವರ ಓದಿಗೆ ಯಾವ ಯಾವ ದೇಶದ ಹಣ ಬೆರೆಯುತ್ತದೋ ಹೇಳಲಾಗದು. ಎಲ್ಲವನ್ನೂ ತಡೆದು ಬೇಲಿ ಹಾಕಿದರೆ ಟಾಲ್‌ಸ್ಟಾಯ್ ಕೂಡ ಹೊರಗೇ ಉಳಿಯುತ್ತಾನೆ. ಏನೂ ಕೇಳದೆ ಬಾಗಿಲು ತೆರೆದಿಟ್ಟರೆ ಹೆಸರಿಲ್ಲದ ಆ ವಿಜ್ಞಾನಿಯೂ ಒಳಗೆ ಬಂದು ಕೂರುತ್ತಾನೆ. ಎರಡೂ ಬೇಡವೆಂದರೆ ಕೊಡುವವರೂ ಪಡೆಯುವವರೂ ಹೆಸರು ಬರೆಯಬೇಕು, ಷರತ್ತು ತೋರಿಸಬೇಕು. ಹಾಗೆ ಬರೆದವರನ್ನು ದೇಶದ್ರೋಹಿ ಎನ್ನುವ ಚಾಳಿಯನ್ನು ನಾವು ಓದುಗರು ಬಿಡಬೇಕು, ಇಲ್ಲದಿದ್ದರೆ ಯಾರು ತಾನೇ ಬರೆಯುತ್ತಾರೆ?

ಇದನ್ನು ಶುರುಮಾಡಲು ದೊಡ್ಡ ಪತ್ರಿಕೆಗಳನ್ನು ಕಾಯಬೇಕಿಲ್ಲ. ನಾಲ್ಕಾರು ದೇಶಗಳಲ್ಲಿ ಕೂತ ಕನ್ನಡಿಗರು ನಡೆಸುವ ನಮ್ಮ ಈ ಪತ್ರಿಕೆಯ ಸರ್ವರ್ ಬಾಡಿಗೆ ಯಾರು ಕಟ್ಟುತ್ತಾರೆ, ವರ್ಷಕ್ಕೆ ಎಷ್ಟು ಖರ್ಚು, ಯಾವ ಸಂಘ, ಯಾವ ಕಂಪನಿ ಎಷ್ಟು ಕೊಟ್ಟಿದೆ ಎಂದು ಯುಗಾದಿಯ ಸಂಚಿಕೆಯಲ್ಲಿ ಒಂದು ಪುಟ ಹಾಕಿ ಎಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಲೆಕ್ಕ ಬರೆಯಲು ಜನ ಬೇಕಿದ್ದರೆ ಹೇಳಿ. ನಿವೃತ್ತ ಬ್ಯಾಂಕಿನವರು ಬೇಕಾದಷ್ಟು ಜನ ಇದ್ದೇವೆ, ಸಂಬಳ ಬೇಡ.